ಉದ್ದನೆಯ ಬರಹವನ್ನು ಸೆಲ್‌ನೊಳಗೆ ಕೂರಿಸುವುದು: ಯಾವ ಕೆಲಸಕ್ಕೆ ಯಾವ ದಾರಿ?

ಎಕ್ಸೆಲ್, ಗೂಗಲ್ ಶೀಟ್ಸ್‌ನಂಥ ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಸೆಲ್‌ಗೆ, ಅಂದರೆ ಒಂದು ಚೌಕಕ್ಕೆ, ಇಡೀ ಪ್ಯಾರಾ ಪೇಸ್ಟ್ ಮಾಡಿದರೆ ಅದು ಹೇಗೆ ಕಾಣುತ್ತದೆ ಅನ್ನುವುದು ಪಕ್ಕದ ಸೆಲ್ ಮೇಲೆ ನಿಂತಿದೆ. ಬಲಗಡೆಯ ಸೆಲ್ ಖಾಲಿ ಇದ್ದರೆ ಬರಹ ಅದರ ಮೇಲೆ ಹರಿದುಕೊಂಡು ಹೋಗುತ್ತದೆ. ಅಲ್ಲಿ ಒಂದೇ ಒಂದು ಅಂಕಿ ಇದ್ದರೂ ಸಾಕು, ಬರಹ ಗೆರೆಯ ಹತ್ತಿರ ಕತ್ತರಿಸಿದ ಹಾಗೆ ನಿಂತುಬಿಡುತ್ತದೆ. ಉಳಿದದ್ದು ಎಲ್ಲೂ ಹೋಗಿಲ್ಲ, ಸೆಲ್‌ನೊಳಗೇ ಇದೆ. ಕಾಣುತ್ತಿಲ್ಲ ಅಷ್ಟೇ. ಆದರೆ ಫೈಲ್ ತೆರೆದವರಿಗೆ ಅದು ಗೊತ್ತಾಗುವುದಾದರೂ ಹೇಗೆ?

ಇದನ್ನು ಸರಿಮಾಡಲು ಏಳೆಂಟು ದಾರಿಗಳಿವೆ. ಎಲ್ಲ ಕಡೆಗೂ ಹೊಂದುವ ದಾರಿ ಅಂತ ಒಂದಿಲ್ಲ. ದೂರುಗಳ ಪಟ್ಟಿ, ಸಭೆಯ ಟಿಪ್ಪಣಿ, ಪ್ರಶ್ನಾವಳಿಗೆ ಬಂದ ಉತ್ತರ ಇಂಥವನ್ನೇ ಶೀಟ್‌ಗಳಲ್ಲಿ ಇಟ್ಟುಕೊಂಡು ನಾನು ಬಹಳ ಕಾಲ ಕೆಲಸ ಮಾಡಿದ್ದೇನೆ. ಫಾರ್ಮ್ಯಾಟಿಂಗ್‌ಗೆ ಕೈಹಾಕುವ ಮೊದಲು ಈಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಸೆಲ್ ಅನ್ನು ಮುಂದೆ ಓದುವವರು ಯಾರು? ಪರದೆಯ ಮುಂದೆ ಕೂತವರಾ, ಪ್ರಿಂಟ್ ಆದ ಕಾಗದ ಹಿಡಿದವರಾ, ಇಲ್ಲ ಫಿಲ್ಟರ್, ಫಾರ್ಮುಲಾ ಅಥವಾ ಇನ್ನೊಂದು ಸಾಫ್ಟ್‌ವೇರಾ? ಕೆಳಗಿನ ಹೋಲಿಕೆಯೆಲ್ಲ ಈ ಮೂರು ಬಗೆಯ ಓದುಗರನ್ನು ಮುಂದಿಟ್ಟುಕೊಂಡೇ ಮಾಡಿದ್ದು.

ಮೊದಲೇ ಒಂದು ಮಾತು. ಇಲ್ಲಿ ರೋ ಅಂದರೆ ಶೀಟಿನ ಅಡ್ಡಸಾಲು. ಸಾಲು ಅಂದರೆ ಸೆಲ್‌ನೊಳಗಿನ ಬರಹದ ಸಾಲು. ಇವೆರಡೂ ಕಲಸಿಹೋದರೆ ಮುಂದಿನದೆಲ್ಲ ಗೊಂದಲವಾಗುತ್ತದೆ.

ಹರಿಯಲು ಬಿಡುವುದು, ಇಲ್ಲವೇ ತಡೆಯುವುದು

ಏನೂ ಮಾಡದೆ ಬಿಟ್ಟರೆ ಬರಹ ಪಕ್ಕಕ್ಕೆ ಹರಿಯುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ಇದಕ್ಕೆ ಓವರ್‌ಫ್ಲೋ ಅಂತ ಹೆಸರು. ಶೀಟಿನ ಮೇಲ್ಭಾಗದ ತಲೆಬರಹಕ್ಕೆ, ಕೆಳಗಡೆ ಬರೆಯುವ ಒಂದು ಸಾಲಿನ ಸೂಚನೆಗೆ ಇದು ಸಾಕು. ಅದರ ಬಲಗಡೆ ಯಾರೂ ಏನೂ ತುಂಬುವುದಿಲ್ಲ ಅಂತ ಗಟ್ಟಿಯಾಗಿ ಗೊತ್ತಿರಬೇಕು, ಅಷ್ಟೇ. ಪಟ್ಟಿಯ ಮಧ್ಯದ ಕಾಲಮ್‌ಗೆ ಮಾತ್ರ ಇದು ಬೇಡ. ಒಂದು ರೋನಲ್ಲಿ ಬರಹ ಉದ್ದಕ್ಕೆ ಕಾಣುತ್ತದೆ, ಮುಂದಿನದರಲ್ಲಿ ಅರ್ಧಕ್ಕೆ ನಿಲ್ಲುತ್ತದೆ. ಓದುವವರು ಅರ್ಧವನ್ನೇ ಪೂರ್ತಿ ಅಂದುಕೊಳ್ಳುತ್ತಾರೆ.

ಗೂಗಲ್ ಶೀಟ್ಸ್‌ನ ಫಾರ್ಮ್ಯಾಟ್ ಮೆನುವಿನಲ್ಲಿ ವ್ರ್ಯಾಪಿಂಗ್ ಅಂತ ಇದೆ. ಅದರೊಳಗೆ ಓವರ್‌ಫ್ಲೋ, ವ್ರ್ಯಾಪ್ (ಬರಹವನ್ನು ಕಾಲಮ್ ಅಗಲಕ್ಕೆ ಮಡಚುವುದು), ಕ್ಲಿಪ್ ಅಂತ ಮೂರು ಆಯ್ಕೆ. ಕ್ಲಿಪ್ ಆರಿಸಿದರೆ ಪಕ್ಕದ ಸೆಲ್ ಖಾಲಿ ಇರಲಿ, ತುಂಬಿರಲಿ, ಬರಹ ತನ್ನ ಗೆರೆಯನ್ನು ದಾಟುವುದಿಲ್ಲ. ಎಲ್ಲ ರೋ ಒಂದೇ ಎತ್ತರದಲ್ಲಿ ಉಳಿಯುತ್ತವೆ. ಸಾವಿರಾರು ರೋ ಇರುವ, ಮೇಲಿಂದ ಕೆಳಗೆ ಕಣ್ಣಾಡಿಸಬೇಕಾದ ಪಟ್ಟಿಗೆ ನಾನು ಕ್ಲಿಪ್ ಅನ್ನೇ ಆರಿಸುತ್ತೇನೆ. ಪೂರ್ತಿ ಓದಬೇಕು ಅನಿಸಿದ ಸೆಲ್ ಮೇಲೆ ಕ್ಲಿಕ್ ಮಾಡಿದರೆ ಮೇಲಿನ ಫಾರ್ಮುಲಾ ಬಾರ್‌ನಲ್ಲಿ ಎಲ್ಲವೂ ಸಿಗುತ್ತದೆ.

ಎಕ್ಸೆಲ್‌ನಲ್ಲಿ ಕ್ಲಿಪ್ ಅನ್ನುವ ಗುಂಡಿ ಇಲ್ಲ. ಆದರೆ ಅದೇ ಕೆಲಸವನ್ನು ಮಾಡಿಸಿಕೊಳ್ಳಬಹುದು. ವ್ರ್ಯಾಪ್ ಹಾಕಿ, ಬರಹವನ್ನು ಸೆಲ್‌ನ ಮೇಲ್ತುದಿಗೆ ಅಲೈನ್ ಮಾಡಿ, ಆಮೇಲೆ ರೋ ಎತ್ತರವನ್ನು ಕೈಯಿಂದ ಒಂದೋ ಎರಡೋ ಸಾಲಿಗೆ ನಿಲ್ಲಿಸಿ. ಮೊದಲ ಸಾಲುಗಳು ಮಾತ್ರ ಕಾಣುತ್ತವೆ, ಪಕ್ಕಕ್ಕೆ ಏನೂ ಹರಿಯುವುದಿಲ್ಲ. ಅಡ್ಡ ಅಲೈನ್‌ಮೆಂಟ್‌ನಲ್ಲಿ ಫಿಲ್ ಅಂತ ಆರಿಸಿದರೂ ಬರಹ ನಿಲ್ಲುತ್ತದೆ. ಆದರೆ ಚಿಕ್ಕ ಪದ ಇರುವ ಸೆಲ್‌ನಲ್ಲಿ ಆ ಪದ ಸೆಲ್ ತುಂಬುವವರೆಗೆ ಮತ್ತೆ ಮತ್ತೆ ಕಾಣುತ್ತದೆ. ಹಾಗಾಗಿ ಮೊದಲಿನ ಉಪಾಯವೇ ಮೇಲು. ಹಾಗೆಯೇ ಎಕ್ಸೆಲ್‌ನ ಫಾರ್ಮುಲಾ ಬಾರ್ ಒಂದೇ ಸಾಲಿನಷ್ಟು ಚಿಕ್ಕದಾಗಿರುತ್ತದೆ. ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿದರೆ ಅದು ಕೆಳಕ್ಕೆ ಬಿಚ್ಚಿಕೊಳ್ಳುತ್ತದೆ. ಉದ್ದನೆಯ ಬರಹದ ಜೊತೆ ದಿನವೂ ಕೆಲಸ ಮಾಡುವವರು ಈ ಒಂದು ಶಾರ್ಟ್‌ಕಟ್ ನೆನಪಿಟ್ಟುಕೊಂಡರೆ ಎಷ್ಟೋ ಕಷ್ಟ ತಪ್ಪುತ್ತದೆ.

ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ನನಗೆ ಇಷ್ಟವಾದ ಒಂದು ಸಂಗತಿ ಇದೆ. ಬರಹ ಸೆಲ್‌ನಲ್ಲಿ ಹಿಡಿಸದೆ ಮುಚ್ಚಿಹೋಗಿದ್ದರೆ ಅಂಚಿನಲ್ಲಿ ಒಂದು ಸಣ್ಣ ಕೆಂಪು ತ್ರಿಕೋನ ಕಾಣುತ್ತದೆ. ಇಲ್ಲಿ ಇನ್ನೂ ಇದೆ, ನೋಡಿ ಅಂತ ಅದೇ ಹೇಳಿಬಿಡುತ್ತದೆ.

ವ್ರ್ಯಾಪ್: ಹೆಚ್ಚಿನ ಕೆಲಸಕ್ಕೆ ಇದೇ

ಪರದೆಯ ಮೇಲೆ ಕೂತು ಓದುವವರಿಗಾಗಿ ಶೀಟ್ ಮಾಡುತ್ತಿದ್ದರೆ ಮೊದಲ ಆಯ್ಕೆ ವ್ರ್ಯಾಪ್. ಕಾಲಮ್ ಎಷ್ಟು ಅಗಲ ಇದೆಯೋ ಅಷ್ಟಕ್ಕೆ ಬರಹ ಮಡಚಿಕೊಂಡು ಕೆಳಕ್ಕೆ ಇಳಿಯುತ್ತದೆ, ರೋ ತಾನೇ ಎತ್ತರವಾಗುತ್ತದೆ. ಬರಹಕ್ಕೆ ಏನೂ ಸೇರುವುದಿಲ್ಲ, ಏನೂ ಕಳೆಯುವುದಿಲ್ಲ. ಬದಲಾಗುವುದು ತೋರಿಕೆ ಮಾತ್ರ. ಆದ್ದರಿಂದಲೇ ಫಿಲ್ಟರ್‌ಗಾಗಲಿ ಫಾರ್ಮುಲಾಗಾಗಲಿ ಇದರಿಂದ ತೊಂದರೆ ಆಗುವುದಿಲ್ಲ. ಮೂರು ಬಗೆಯ ಓದುಗರಲ್ಲಿ ಯಾರಿಗೂ ಅನ್ಯಾಯ ಮಾಡದ ದಾರಿ ಅಂದರೆ ಇದೊಂದೇ.

ಹಾಗಿದ್ದೂ ಬಹಳ ಜನ ವ್ರ್ಯಾಪ್ ಹಾಕಿ ನೋಡಿ, ಚೆನ್ನಾಗಿಲ್ಲ ಅಂತ ತೆಗೆದುಬಿಡುತ್ತಾರೆ. ಕಾರಣ ಸಾಮಾನ್ಯವಾಗಿ ಕಾಲಮ್ ಅಗಲ. ಎಕ್ಸೆಲ್‌ನಲ್ಲಿ ಹೊಸ ಕಾಲಮ್ ಅಗಲ 8.43 ಇರುತ್ತದೆ. ಅಂದರೆ ಮೂಲ ಫಾಂಟ್‌ನಲ್ಲಿ ಸೊನ್ನೆ ಬರೆದರೆ ಎಂಟು ಚಿಲ್ಲರೆ ಸೊನ್ನೆ ಹಿಡಿಸುವಷ್ಟು ಜಾಗ. ಅಷ್ಟರಲ್ಲಿ ಒಂದು ಪ್ಯಾರಾ ಮಡಚಿದರೆ ಸಾಲಿಗೆ ಒಂದೊಂದು ಪದ ಬಿದ್ದು ಅದು ಕೋಲಿನ ಹಾಗೆ ಉದ್ದಕ್ಕೆ ನಿಲ್ಲುತ್ತದೆ. ಮೊದಲು ಕಾಲಮ್ ಅನ್ನು 50ರಿಂದ 60ರಷ್ಟು ಅಗಲ ಮಾಡಿ, ಆಮೇಲೆ ವ್ರ್ಯಾಪ್ ಹಾಕಿ. ಕಣ್ಣು ಒಂದು ಸಾಲಿನ ಕೊನೆಯಿಂದ ಮುಂದಿನ ಸಾಲಿನ ಶುರುವಿಗೆ ತಡವರಿಸದೆ ಬರಬೇಕು. ಅದಕ್ಕೆ ಈ ಅಗಲ ಸರಿಹೊಂದುತ್ತದೆ. ಇನ್ನೂ ಅಗಲ ಮಾಡಿದರೆ ಪಕ್ಕದ ಕಾಲಮ್‌ಗಳು ಪರದೆಯಿಂದ ಆಚೆ ಹೋಗಿಬಿಡುತ್ತವೆ.

ಎರಡನೆಯ ಕಾರಣ ಅಲೈನ್‌ಮೆಂಟ್. ಎಕ್ಸೆಲ್ ಮೊದಲಿನಿಂದಲೂ ಎಲ್ಲವನ್ನೂ ಸೆಲ್‌ನ ತಳಕ್ಕೆ ಕೂರಿಸುತ್ತದೆ. ಒಂದೇ ಸಾಲಿನ ಅಂಕಿಗೆ ಅದು ಗೊತ್ತಾಗುವುದಿಲ್ಲ. ಆದರೆ ವಿವರದ ಕಾಲಮ್ ಎಂಟು ಸಾಲು ಎತ್ತರವಾದಾಗ, ಪಕ್ಕದ ದಿನಾಂಕ ಮತ್ತು ಹೆಸರು ತಳದಲ್ಲಿ ಬಿದ್ದಿರುತ್ತವೆ, ವಿವರದ ಮೊದಲ ಸಾಲು ಮೇಲಿರುತ್ತದೆ. ಯಾವ ವಿವರ ಯಾವ ದಿನಾಂಕದ್ದು ಅಂತ ಹುಡುಕಬೇಕಾಗುತ್ತದೆ. ಇಡೀ ಪಟ್ಟಿಯನ್ನು ಆಯ್ದು ಟಾಪ್ ಅಲೈನ್ ಒತ್ತಿ. ಒಂದೇ ಕ್ಲಿಕ್‌ನಲ್ಲಿ ಶೀಟ್ ಓದುವ ಹಾಗೆ ಆಗುತ್ತದೆ. ವ್ರ್ಯಾಪ್, 50–60 ಅಗಲ, ಟಾಪ್ ಅಲೈನ್ ಇವು ಮೂರೂ ಒಟ್ಟಿಗೆ ಬರಬೇಕು. ಒಂದನ್ನು ಬಿಟ್ಟರೂ ಉಳಿದೆರಡು ಅಷ್ಟಾಗಿ ಪ್ರಯೋಜನಕ್ಕೆ ಬರುವುದಿಲ್ಲ.

ವ್ರ್ಯಾಪ್ ಹಾಕಿದ ಮೇಲೂ ರೋ ಎತ್ತರವಾಗಲಿಲ್ಲ ಅಂದರೆ, ಯಾರೋ ಮೊದಲೇ ಆ ರೋ ಎತ್ತರವನ್ನು ಕೈಯಿಂದ ಬದಲಿಸಿದ್ದಾರೆ ಅಂತ ಅರ್ಥ. ಎಕ್ಸೆಲ್ ಆ ಎತ್ತರವನ್ನು ಗೌರವಿಸುತ್ತದೆ, ತಾನಾಗಿ ಬೆಳೆಸುವುದಿಲ್ಲ. ಎಡಗಡೆ ರೋ ಸಂಖ್ಯೆಗಳ ನಡುವಿನ ಗೆರೆಯ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಮತ್ತೆ ಅಳತೆಗೆ ಬರುತ್ತದೆ.

ವ್ರ್ಯಾಪ್‌ಗೂ ಒಂದು ಮಿತಿ ಇದೆ. ಎಕ್ಸೆಲ್‌ನಲ್ಲಿ ಒಂದು ರೋ 409 ಪಾಯಿಂಟ್‌ಗಿಂತ ಎತ್ತರ ಆಗಲಾರದು. ಒಂದು ಸಾಲಿಗೆ 15 ಪಾಯಿಂಟ್ ಅಂತ ಹಿಡಿದರೆ ಸುಮಾರು 27 ಸಾಲು. ಅದಕ್ಕಿಂತ ಉದ್ದದ ಬರಹ ಸೆಲ್‌ನಲ್ಲಿ ಇರುತ್ತದೆ, ಆದರೆ 28ನೆಯ ಸಾಲಿನಿಂದ ಮುಂದಕ್ಕೆ ಕಾಣುವುದಿಲ್ಲ. ಕಾಲಮ್ ಅಗಲ ಮಾಡಿದರೆ ಸ್ವಲ್ಪ ಮಟ್ಟಿಗೆ ಸರಿಹೋಗುತ್ತದೆ. ಆದರೆ 27 ಸಾಲು ದಾಟುವ ಬರಹ ಸೆಲ್‌ನಲ್ಲೇ ಇರಬೇಕಾ ಅಂತ ಯೋಚಿಸಬೇಕಾದ ಘಟ್ಟವೇ ಅದು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಕೈಯಿಂದ ಸಾಲು ಮುರಿಯುವುದು

ವ್ರ್ಯಾಪ್‌ಗೂ ಇದಕ್ಕೂ ವ್ಯತ್ಯಾಸ ದೊಡ್ಡದು. ವ್ರ್ಯಾಪ್‌ನಲ್ಲಿ ಸಾಲು ಎಲ್ಲಿ ಮುರಿಯಬೇಕು ಅಂತ ಕಾಲಮ್ ಅಗಲ ತೀರ್ಮಾನಿಸುತ್ತದೆ. ಇಲ್ಲಿ ನೀವು ತೀರ್ಮಾನಿಸುತ್ತೀರಿ. ವಿಂಡೋಸ್ ಎಕ್ಸೆಲ್‌ನಲ್ಲಿ ಆಲ್ಟ್ ಹಿಡಿದು ಎಂಟರ್. ಲಿಬ್ರೆಆಫೀಸ್‌ನಲ್ಲಿ ಕಂಟ್ರೋಲ್ ಹಿಡಿದು ಎಂಟರ್. ಗೂಗಲ್ ಶೀಟ್ಸ್‌ನಲ್ಲಿ ಎರಡೂ ನಡೆಯುತ್ತದೆ. ಮ್ಯಾಕ್ ಎಕ್ಸೆಲ್‌ನಲ್ಲಿ ಕಂಟ್ರೋಲ್, ಆಪ್ಷನ್ ಹಿಡಿದು ರಿಟರ್ನ್.

ಸೆಲ್‌ನೊಳಗೇ ಮೂರು ನಾಲ್ಕು ಅಂಶಗಳನ್ನು ಒಂದರ ಕೆಳಗೊಂದು ತೋರಿಸಬೇಕಾದಾಗ ಇದಕ್ಕಿಂತ ಚೆಂದದ ದಾರಿ ಇಲ್ಲ. ವಿಳಾಸ, ಹಂತಗಳ ಪಟ್ಟಿ, ಸಭೆಯಲ್ಲಿ ಆದ ತೀರ್ಮಾನಗಳು ಹೀಗೆ. ಆದರೆ ನೀವು ಒತ್ತಿದ ಆ ಎಂಟರ್ ಬರಹದ ಒಳಗೆ ಒಂದು ಅಕ್ಷರವಾಗಿ ಉಳಿದುಬಿಡುತ್ತದೆ. ಅದರ ಸಂಖ್ಯೆ 10. ಕಣ್ಣಿಗೆ ಕಾಣದಿದ್ದರೂ ಫಾರ್ಮುಲಾಗೆ ಕಾಣುತ್ತದೆ. ನೋಡಲು ಒಂದೇ ಥರ ಇರುವ ಎರಡು ಸೆಲ್ ಹೋಲಿಸಿದಾಗ ಬೇರೆ ಬೇರೆ ಅಂತ ಉತ್ತರ ಬಂದರೆ, ಹತ್ತರಲ್ಲಿ ಆರು ಸಲ ಇದೇ ಕಾರಣ ಅಂತ ನನ್ನ ಅನುಭವ.

ಇನ್ನೂ ದೊಡ್ಡ ತೊಂದರೆ ಬರುವುದು ಶೀಟ್ ಅನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಬರೀ ಬರಹದ ಫೈಲ್) ಮಾಡಿ ಬೇರೆ ಸಾಫ್ಟ್‌ವೇರ್‌ಗೆ ಕಳಿಸುವಾಗ. ಸರಿಯಾಗಿ ಬರೆದ ಸಿಎಸ್‌ವಿಯಲ್ಲಿ ಸಾಲು ಮುರಿದ ಬರಹ ಉದ್ಧರಣ ಚಿಹ್ನೆಗಳ ಒಳಗೆ ಸುರಕ್ಷಿತವಾಗಿರುತ್ತದೆ. ಆದರೆ ತೆಗೆದುಕೊಳ್ಳುವ ಸಾಫ್ಟ್‌ವೇರ್ ಪ್ರತಿ ಸಾಲನ್ನೂ ಹೊಸ ದಾಖಲೆ ಅಂತ ಎಣಿಸುವಂಥದ್ದಾಗಿದ್ದರೆ ಒಂದು ದಾಖಲೆ ಮೂರು ತುಂಡಾಗುತ್ತದೆ. ಹಾಗಾಗಿ ನಾನು ಪಾಲಿಸುವ ನಿಯಮ ಇದು. ಮನುಷ್ಯರು ಓದುವ ಶೀಟ್‌ನಲ್ಲಿ ಧಾರಾಳವಾಗಿ ಸಾಲು ಮುರಿಯುತ್ತೇನೆ. ಬೇರೆ ಕಡೆಗೆ ಹೋಗುವ ಶೀಟ್‌ನಲ್ಲಿ ಒಂದೂ ಇಡುವುದಿಲ್ಲ.

ಮೊದಲೇ ಇದ್ದರೆ ತೆಗೆಯುವುದು ಕಷ್ಟವಲ್ಲ. ಎಕ್ಸೆಲ್‌ನಲ್ಲಿ ಫೈಂಡ್ ಅಂಡ್ ರಿಪ್ಲೇಸ್ ತೆರೆದು, ಹುಡುಕುವ ಜಾಗದಲ್ಲಿ ಕಂಟ್ರೋಲ್ ಮತ್ತು ಜೆ ಒತ್ತಿ. ಅಲ್ಲಿ ಏನೂ ಕಾಣದಿದ್ದರೂ ಸಾಲು ಮುರಿದ ಗುರುತು ಅದರಲ್ಲಿ ಸೇರಿರುತ್ತದೆ. ಬದಲಿಸುವ ಜಾಗದಲ್ಲಿ ಒಂದು ಖಾಲಿ ಸ್ಪೇಸ್ ಕೊಡಿ. ಫಾರ್ಮುಲಾದಿಂದ ಮಾಡುವುದಾದರೆ ಸಬ್‌ಸ್ಟಿಟ್ಯೂಟ್ ಫಂಕ್ಷನ್‌ಗೆ ಕ್ಯಾರ್ 10, ಅಂದರೆ CHAR(10), ಕೊಟ್ಟು, ಅದರ ಜಾಗಕ್ಕೆ ಸ್ಪೇಸ್ ಹಾಕಿಸಿ. ಕ್ಲೀನ್ ಅನ್ನುವ ಫಂಕ್ಷನ್ ಕೂಡ ಇದನ್ನು ತೆಗೆಯುತ್ತದೆ. ಆದರೆ ಸ್ಪೇಸ್ ಇಡದೆ ತೆಗೆಯುವುದರಿಂದ ಒಂದು ಸಾಲಿನ ಕೊನೆಯ ಪದ ಮುಂದಿನ ಸಾಲಿನ ಮೊದಲ ಪದಕ್ಕೆ ಅಂಟಿಕೊಳ್ಳುತ್ತದೆ. ಮೊದಲು ಸಬ್‌ಸ್ಟಿಟ್ಯೂಟ್, ಆಮೇಲೆ ಬೇಕಿದ್ದರೆ ಕ್ಲೀನ್. ವೆಬ್‌ಪುಟಗಳಿಂದ ತಂದ ಬರಹದಲ್ಲಿ ಕ್ಯಾರ್ 160 ಅನ್ನುವ ಇನ್ನೊಂದು ಬಗೆಯ ಸ್ಪೇಸ್ ಬರುತ್ತದೆ. ಹೆಚ್ಚುವರಿ ಸ್ಪೇಸ್ ತೆಗೆಯುವ ಟ್ರಿಮ್ ಫಂಕ್ಷನ್ ಅದನ್ನು ಮುಟ್ಟುವುದಿಲ್ಲ. ಅದಕ್ಕೂ ಸಬ್‌ಸ್ಟಿಟ್ಯೂಟ್ ಬೇಕು.

ಉಲ್ಟಾ ಕೆಲಸವೂ ಬೇಕಾಗುತ್ತದೆ. ನಾಲ್ಕು ಕಾಲಮ್‌ಗಳಲ್ಲಿ ಬಿಡಿಬಿಡಿಯಾಗಿ ಇರುವುದನ್ನು ಒಂದೇ ಸೆಲ್‌ನಲ್ಲಿ ಒಂದರ ಕೆಳಗೊಂದು ತೋರಿಸಬೇಕು ಅಂದಾಗ ಟೆಕ್ಸ್ಟ್‌ಜಾಯಿನ್ ಫಂಕ್ಷನ್‌ಗೆ ನಡುವಿನ ಗುರುತಾಗಿ ಕ್ಯಾರ್ 10 ಕೊಡಿ. ಎಕ್ಸೆಲ್ 2019ರಿಂದ ಇದು ಸಿಗುತ್ತದೆ, ಗೂಗಲ್ ಶೀಟ್ಸ್‌ನಲ್ಲೂ ಇದೆ. ಎಕ್ಸೆಲ್‌ನಲ್ಲಿ ಆ ಸೆಲ್‌ಗೆ ವ್ರ್ಯಾಪ್ ಹಾಕಿರಲೇಬೇಕು, ಇಲ್ಲದಿದ್ದರೆ ಎಲ್ಲವೂ ಒಂದೇ ಸಾಲಿನಲ್ಲಿ ಅಂಟಿಕೊಂಡು ಕಾಣುತ್ತದೆ. ಈ ದಾರಿ ನನಗೆ ತುಂಬಾ ಹಿಡಿಸಿದೆ. ಬಿಡಿ ಕಾಲಮ್‌ಗಳು ಫಿಲ್ಟರ್‌ಗೆ ಉಳಿಯುತ್ತವೆ, ಕೂಡಿಸಿದ ಸೆಲ್ ಓದುವವರಿಗೆ ಸಿಗುತ್ತದೆ. ಇಬ್ಬರಿಗೂ ಬೇಕಾದದ್ದು ಒಂದೇ ಶೀಟ್‌ನಲ್ಲಿ ಇದ್ದ ಹಾಗಾಯಿತು.

ಸೆಲ್‌ನೊಳಗೆ ಪಟ್ಟಿ ಬರೆಯುವಾಗ ಸಣ್ಣ ಗೆರೆಯಿಂದ ಶುರು ಮಾಡುವ ಅಭ್ಯಾಸ ಬಹಳ ಜನರಿಗಿದೆ. ಸೆಲ್‌ನ ಮೊದಲ ಅಕ್ಷರವೇ ಮೈನಸ್ ಗುರುತು ಆಗಿದ್ದರೆ ಎಕ್ಸೆಲ್ ಅದನ್ನು ಫಾರ್ಮುಲಾ ಅಂದುಕೊಂಡು ಎರರ್ ಕೊಡುತ್ತದೆ. ಎಲ್ಲಕ್ಕಿಂತ ಮೊದಲು ಒಂದು ಅಪಾಸ್ಟ್ರಫಿ ಹಾಕಿ, ಇಲ್ಲವೇ ಗೆರೆಯ ಬದಲು ದುಂಡು ಬುಲೆಟ್ ಬಳಸಿ.

ಇನ್ನೊಂದು ಮಾತು ಪೇಸ್ಟ್ ಬಗ್ಗೆ. ವರ್ಡ್ ಫೈಲ್‌ನಿಂದ ನಾಲ್ಕು ಪ್ಯಾರಾ ತಂದು ಸೆಲ್ ಮೇಲೆ ಪೇಸ್ಟ್ ಮಾಡಿದರೆ ಅವು ನಾಲ್ಕು ರೋಗೆ ಹಂಚಿಹೋಗುತ್ತವೆ. ಕೆಳಗಿನ ರೋನಲ್ಲಿ ಮೊದಲೇ ಏನಾದರೂ ಇದ್ದರೆ ಅದು ಅಳಿಸಿಹೋಗುತ್ತದೆ. ಎಫ್2 ಒತ್ತಿ, ಇಲ್ಲವೇ ಎರಡು ಸಲ ಕ್ಲಿಕ್ ಮಾಡಿ ಸೆಲ್‌ನ ಒಳಗೆ ಹೋಗಿ ಪೇಸ್ಟ್ ಮಾಡಿ. ಆಗ ನಾಲ್ಕೂ ಒಂದೇ ಸೆಲ್‌ನಲ್ಲಿ ಕೂರುತ್ತವೆ.

ಶ್ರಿಂಕ್ ಟು ಫಿಟ್

ಎಕ್ಸೆಲ್‌ನಲ್ಲೂ ಲಿಬ್ರೆಆಫೀಸ್‌ನಲ್ಲೂ ಇದೆ. ಸೆಲ್‌ಗೆ ಹಿಡಿಸುವವರೆಗೆ ಅಕ್ಷರ ಚಿಕ್ಕದಾಗುತ್ತಾ ಹೋಗುತ್ತದೆ. ಎರಡು ಮೂರು ಅಕ್ಷರ ಜಾಸ್ತಿಯಾದ ಹೆಸರಿಗೋ ಕೋಡ್‌ಗೋ ಸರಿ. ಉದ್ದನೆಯ ಬರಹಕ್ಕೆ ಬೇಡ. ಇರುವೆ ಸಾಲಿನಂಥ ಅಕ್ಷರವನ್ನು ಯಾರೂ ಓದುವುದಿಲ್ಲ.

ಮರ್ಜ್: ನಾನು ಬೇಡ ಅನ್ನುವ ದಾರಿ

ಶೀಟ್‌ನ ಬುಡದಲ್ಲಿ ಒಂದು ದೊಡ್ಡ ಚೌಕ ಬೇಕು, ಅದರಲ್ಲಿ ಪ್ಯಾರಾ ಬರೆಯಬೇಕು. ಆಗ ಹತ್ತಿಪ್ಪತ್ತು ಸೆಲ್ ಆಯ್ದು ಮರ್ಜ್ ಒತ್ತುವುದು ಸುಲಭ. ನೋಡಲು ಚೆನ್ನಾಗಿಯೂ ಕಾಣುತ್ತದೆ. ಹಾಗಾಗಿಯೇ ಇದು ಎಲ್ಲ ಕಡೆಯೂ ಹರಡಿದೆ. ಆದರೂ ಉದ್ದನೆಯ ಬರಹಕ್ಕೆ ಮರ್ಜ್‌ನಷ್ಟು ಕಾಟ ಕೊಡುವ ದಾರಿ ಇನ್ನೊಂದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲನೆಯದು, ಮರ್ಜ್ ಆದ ಸೆಲ್‌ಗೆ ರೋ ಎತ್ತರ ತಾನಾಗಿ ಹೊಂದಿಕೊಳ್ಳುವುದಿಲ್ಲ. ವ್ರ್ಯಾಪ್ ಹಾಕಿ, ಗೆರೆಯ ಮೇಲೆ ಎಷ್ಟು ಸಲ ಕ್ಲಿಕ್ ಮಾಡಿದರೂ ಅಷ್ಟೇ. ಇವತ್ತು ಕೈಯಿಂದ ಸರಿಮಾಡಿ ಇಡುತ್ತೀರಿ. ನಾಳೆ ಯಾರೋ ಎರಡು ವಾಕ್ಯ ಸೇರಿಸುತ್ತಾರೆ. ಆ ಎರಡು ವಾಕ್ಯ ಕಾಣುವುದೇ ಇಲ್ಲ. ಅಂದರೆ ಬರಹ ಬೆಳೆಯುವ ಕಡೆಯಲ್ಲೇ ಮರ್ಜ್ ಕೈಕೊಡುತ್ತದೆ.

ಎರಡನೆಯದು, ಈಗಾಗಲೇ ತುಂಬಿರುವ ಸೆಲ್‌ಗಳನ್ನು ಮರ್ಜ್ ಮಾಡಿದರೆ ಎಡಮೇಲಿನ ಸೆಲ್‌ನ ಬರಹ ಮಾತ್ರ ಉಳಿಯುತ್ತದೆ. ಉಳಿದದ್ದೆಲ್ಲ ಹೋಗುತ್ತದೆ. ಎಕ್ಸೆಲ್ ಎಚ್ಚರಿಕೆ ಕೊಡುತ್ತದೆ ನಿಜ, ಆದರೆ ಅವಸರದಲ್ಲಿ ಓಕೆ ಒತ್ತುವವರೇ ಜಾಸ್ತಿ, ಅಲ್ವಾ?

ಮೂರನೆಯದು ಪಟ್ಟಿಗೆ ಸಂಬಂಧಿಸಿದ್ದು. ಮರ್ಜ್ ಆದ ಸೆಲ್‌ಗಳು ಒಂದೇ ಅಳತೆಯವಾಗಿಲ್ಲದಿದ್ದರೆ ಎಕ್ಸೆಲ್ ಸಾರ್ಟ್ ಮಾಡಲು ಒಪ್ಪುವುದಿಲ್ಲ. ಐದು ರೋ ಸೇರಿಸಿ ಮರ್ಜ್ ಮಾಡಿದ ವಿಭಾಗದ ಹೆಸರನ್ನು ಫಿಲ್ಟರ್ ಮಾಡಿದರೆ ಮೊದಲ ರೋ ಮಾತ್ರ ಬರುತ್ತದೆ, ಏಕೆಂದರೆ ಉಳಿದ ನಾಲ್ಕರಲ್ಲಿ ಆ ಹೆಸರು ಇಲ್ಲವೇ ಇಲ್ಲ. ಒಂದು ಕಾಲಮ್ ಆಯ್ಕೆ ಮಾಡಲು ಹೋದರೆ ಮೂರು ಕಾಲಮ್ ಒಟ್ಟಿಗೆ ಬರುತ್ತವೆ.

ಹಾಗಾದರೆ ಬದಲಿಗೆ ಏನು? ತಲೆಬರಹ ಹಲವು ಕಾಲಮ್‌ಗಳ ನಡುವೆ ಕಾಣಬೇಕು ಅನ್ನುವುದಷ್ಟೇ ನಿಮ್ಮ ಆಸೆಯಾಗಿದ್ದರೆ, ಎಕ್ಸೆಲ್‌ನ ಫಾರ್ಮ್ಯಾಟ್ ಸೆಲ್ಸ್, ಅಲೈನ್‌ಮೆಂಟ್ ಒಳಗೆ ಸೆಂಟರ್ ಅಕ್ರಾಸ್ ಸೆಲೆಕ್ಷನ್ ಅಂತ ಇದೆ. ನೋಡಲು ಮರ್ಜ್ ಥರವೇ, ಆದರೆ ಸೆಲ್‌ಗಳು ಬೇರೆಬೇರೆಯಾಗಿಯೇ ಉಳಿಯುತ್ತವೆ. ಪ್ಯಾರಾ ಬೇಕಿದ್ದರೆ ಟೆಕ್ಸ್ಟ್ ಬಾಕ್ಸ್ ಹಾಕಿ, ಇಲ್ಲವೇ ವಿವರಕ್ಕೆ ಅಂತಲೇ ಒಂದು ಅಗಲವಾದ ಕಾಲಮ್ ಮೊದಲೇ ಇಟ್ಟುಕೊಳ್ಳಿ.

ಮರ್ಜ್‌ಗೆ ಒಂದು ಕಡೆ ಮಾತ್ರ ಜಾಗ ಕೊಡುತ್ತೇನೆ. ಒಮ್ಮೆ ತುಂಬಿ, ಪ್ರಿಂಟ್ ತೆಗೆದು, ಸಹಿ ಹಾಕಿಸಿ ಇಡುವ ಫಾರ್ಮ್. ಅದನ್ನು ಯಾರೂ ಸಾರ್ಟ್ ಮಾಡುವುದಿಲ್ಲ, ಫಿಲ್ಟರ್ ಹಾಕುವುದಿಲ್ಲ. ಚೌಕದ ಅಳತೆಯೂ ಬದಲಾಗಬಾರದು. ಅಲ್ಲಿ ಸರಿ.

ಟೆಕ್ಸ್ಟ್ ಬಾಕ್ಸ್ ಮತ್ತು ನೋಟ್

ಇವೆರಡೂ ಬರಹವನ್ನು ಸೆಲ್‌ನಿಂದ ಹೊರಗೆ ಇಡುತ್ತವೆ. ಟೆಕ್ಸ್ಟ್ ಬಾಕ್ಸ್ ಶೀಟ್ ಮೇಲೆ ತೇಲುವ ಒಂದು ಚೀಟಿ. ರೋ ಎತ್ತರ, ಕಾಲಮ್ ಅಗಲ ಯಾವುದರ ಹಂಗೂ ಇಲ್ಲ. ಶೀಟ್ ಹೇಗೆ ತುಂಬಬೇಕು ಅನ್ನುವ ಸೂಚನೆ, ಚಾರ್ಟ್ ಪಕ್ಕದ ವಿವರಣೆ ಇಂಥವಕ್ಕೆ ಹೇಳಿ ಮಾಡಿಸಿದ್ದು. ಆದರೆ ಎಕ್ಸೆಲ್‌ನಲ್ಲಿ ಕಂಟ್ರೋಲ್ ಎಫ್ ಹಾಕಿ ಹುಡುಕಿದರೆ ಟೆಕ್ಸ್ಟ್ ಬಾಕ್ಸ್ ಒಳಗಿನದು ಸಿಗುವುದಿಲ್ಲ. ಸಾರ್ಟ್ ಮಾಡಿದಾಗ ಅದು ತನ್ನ ರೋ ಜೊತೆ ಹೋಗುವುದಿಲ್ಲ. ಒಂದೊಂದು ರೋಗೆ ಸೇರಿದ ವಿವರವನ್ನು ಅದರಲ್ಲಿ ಇಡಲೇಬಾರದು.

ನೋಟ್ ಹಾಗಲ್ಲ. ಅದು ಸೆಲ್‌ಗೆ ಕಟ್ಟಿಕೊಂಡಿರುತ್ತದೆ. ಶಿಫ್ಟ್ ಹಿಡಿದು ಎಫ್2 ಒತ್ತಿದರೆ ಎಕ್ಸೆಲ್‌ನಲ್ಲೂ ಗೂಗಲ್ ಶೀಟ್ಸ್‌ನಲ್ಲೂ ತೆರೆಯುತ್ತದೆ. ಈ ಅಂಕಿ ಯಾಕೆ ಹೀಗಿದೆ ಅನ್ನುವ ಎರಡು ವಾಕ್ಯದ ವಿವರಣೆಗೆ ನೋಟ್ ಒಳ್ಳೆಯದು. ಮೌಸ್ ಇಟ್ಟಾಗ ಮಾತ್ರ ಕಾಣುವುದರಿಂದ ಶೀಟ್ ಗಿಜಿಗುಡುವುದಿಲ್ಲ. ಆದರೆ ಎಕ್ಸೆಲ್‌ನಲ್ಲಿ ಪೇಜ್ ಸೆಟಪ್‌ಗೆ ಹೋಗಿ ಹೇಳದ ಹೊರತು ಪ್ರಿಂಟ್‌ನಲ್ಲಿ ಬರುವುದಿಲ್ಲ. ಸಿಎಸ್‌ವಿ ಮಾಡಿದರೆ ಪೂರ್ತಿ ಹೋಗುತ್ತದೆ. ಮುಖ್ಯವಾದ ಮಾಹಿತಿಯನ್ನು ನೋಟ್‌ನಲ್ಲಿ ಇಟ್ಟು ಆಮೇಲೆ ಕಳೆದುಕೊಂಡವರನ್ನು ನೋಡಿದ್ದೇನೆ. ಕಳೆದುಹೋದರೂ ನಡೆಯುತ್ತದೆ ಅನ್ನುವಂಥದ್ದು ಮಾತ್ರ ಅಲ್ಲಿರಲಿ.

ಬರಹವನ್ನೇ ಒಡೆಯುವುದು

ಇದು ಫಾರ್ಮ್ಯಾಟಿಂಗ್ ಅಲ್ಲ, ಆದರೆ ಎಷ್ಟೋ ಸಲ ಇದೇ ಸರಿಯಾದ ಉತ್ತರ. ಒಂದು ದೂರಿನ ಸೆಲ್ ತೆಗೆದು ನೋಡಿ. ಅದರಲ್ಲಿ ಏನಾಯಿತು, ಯಾವಾಗ ಆಯಿತು, ಯಾರಿಗೆ ಹೇಳಿದ್ದಾರೆ, ಏನು ಬೇಕು ಅಂತ ಕೇಳುತ್ತಿದ್ದಾರೆ ಎಲ್ಲವೂ ಒಟ್ಟಿಗೆ ಇರುತ್ತದೆ. ಇದನ್ನು ನಾಲ್ಕು ಕಾಲಮ್ ಮಾಡಿದರೆ ಪ್ರತಿಯೊಂದೂ ಒಂದೆರಡು ಸಾಲಿಗೆ ಇಳಿಯುತ್ತದೆ. ಯಾವಾಗ ಅನ್ನುವುದು ನಿಜವಾದ ದಿನಾಂಕವಾಗುತ್ತದೆ, ಸಾರ್ಟ್ ಮಾಡಬಹುದು. ಏನು ಬೇಕು ಅನ್ನುವುದನ್ನು ಎಣಿಸಬಹುದು.

ಒಡೆಯಲಾಗದ ಬರಹಕ್ಕೆ ನಾನು ಬಳಸುವ ಉಪಾಯ ಬೇರೆ. ಪೂರ್ತಿ ಬರಹದ ಕಾಲಮ್ ಅನ್ನು ಪಟ್ಟಿಯ ಬಲತುದಿಗೆ ಕಳಿಸಿ, ಅದನ್ನು ಮುಟ್ಟದೆ ಇಡುತ್ತೇನೆ. ಅದರ ಎಡಗಡೆ ಸಾರಾಂಶ ಅಂತ ಒಂದು ಕಾಲಮ್. ಅಲ್ಲಿ ನೂರು ಅಕ್ಷರದೊಳಗೆ ನನ್ನ ಮಾತಲ್ಲಿ ವಿಷಯ ಬರೆಯುತ್ತೇನೆ. ನೂರು ದಾಟದಂತೆ ಡೇಟಾ ವ್ಯಾಲಿಡೇಷನ್‌ನಲ್ಲಿ ಟೆಕ್ಸ್ಟ್ ಲೆಂತ್ ಮಿತಿ ಹಾಕಬಹುದು. ಅದು ಟೈಪ್ ಮಾಡುವುದನ್ನು ತಡೆಯುತ್ತದೆ, ಪೇಸ್ಟ್ ಮಾಡುವುದನ್ನು ತಡೆಯುವುದಿಲ್ಲ. ಸಾರಾಂಶ ಬರೆಯಲು ಸಮಯ ಹಿಡಿಯುತ್ತದೆ ನಿಜ. ಆದರೆ ಮುನ್ನೂರು ರೋ ಇರುವ ಶೀಟ್ ಅನ್ನು ಹತ್ತು ಜನ ಓದುತ್ತಾರೆ ಅಂದಾಗ ಒಬ್ಬರು ಪಟ್ಟ ಶ್ರಮ ಹತ್ತು ಜನರಿಗೆ ಉಳಿತಾಯವಾಗುತ್ತದೆ.

ತುಂಬಾ ಉದ್ದದ್ದಾದರೆ ಬರಹವನ್ನು ಬೇರೆ ಡಾಕ್ಯುಮೆಂಟ್‌ನಲ್ಲಿ ಇಟ್ಟು ಸೆಲ್‌ನಲ್ಲಿ ಲಿಂಕ್ ಕೊಡಿ. ತಂತ್ರಾಂಶದ ಮಿತಿಗಳನ್ನು ನೋಡಿದರೆ ಜಾಗ ಧಾರಾಳವಾಗಿದೆ. ಎಕ್ಸೆಲ್ ಒಂದು ಸೆಲ್‌ನಲ್ಲಿ 32,767 ಅಕ್ಷರ ಹಿಡಿಸುತ್ತದೆ, ಗೂಗಲ್ ಶೀಟ್ಸ್ 50,000. ಆದರೆ ಅದಕ್ಕಿಂತ ಬಹಳ ಮೊದಲೇ ಇನ್ನೊಂದು ಮಿತಿ ಎದುರಾಗುತ್ತದೆ. ಪಟ್ಟಿಯಲ್ಲಿ ಹುಡುಕಿಕೊಡುವ ಎಕ್ಸೆಲ್‌ನ ವಿಲುಕಪ್ (VLOOKUP) ಫಂಕ್ಷನ್‌ಗೆ ಕೊಡುವ ಬರಹ 255 ಅಕ್ಷರ ದಾಟಿದರೆ ಎರರ್ ಬರುತ್ತದೆ. ಎಣಿಸಿಕೊಡುವ ಕೌಂಟ್‌ಇಫ್ (COUNTIF) ಕೂಡ 255 ದಾಟಿದ ಬರಹಕ್ಕೆ ತಪ್ಪು ಉತ್ತರ ಕೊಡುತ್ತದೆ. ಫಾರ್ಮುಲಾದ ಒಳಗೆ ನೇರವಾಗಿ ಬರೆಯುವ ಪದಗಳಿಗೂ 255ರ ಗಡಿಯೇ. ಹಾಗಾಗಿ ಉದ್ದನೆಯ ಬರಹದ ಕಾಲಮ್ ಮೇಲೆ ಹುಡುಕಾಟ ಕಟ್ಟಬೇಡಿ. ಪ್ರತಿ ರೋಗೂ ಒಂದು ಕ್ರಮಸಂಖ್ಯೆ ಕೊಟ್ಟು ಅದರಿಂದ ಹುಡುಕಿ.

ಕನ್ನಡದಲ್ಲಿ ಬರೆದಾಗ

ಕನ್ನಡದ ಒತ್ತಕ್ಷರಗಳು ಸಾಲಿನಿಂದ ಕೆಳಕ್ಕೆ ಇಳಿಯುತ್ತವೆ. ಇಂಗ್ಲಿಷ್ ಫಾಂಟ್ ಅಳತೆಗೆ ನಿಂತ ರೋನಲ್ಲಿ ಕೊನೆಯ ಸಾಲಿನ ಒತ್ತು ಕೆಲವೊಮ್ಮೆ ಅರ್ಧ ಕತ್ತರಿಸಿಹೋಗುತ್ತದೆ. ಸೆಲ್‌ಗೆ ನಿರ್ಮಲಾ ಯುಐ ಅಥವಾ ನೋಟೋ ಸಾನ್ಸ್ ಕನ್ನಡದಂಥ ಕನ್ನಡ ಫಾಂಟ್ ಅನ್ನೇ ಆರಿಸಿ, ಆಮೇಲೆ ರೋ ಎತ್ತರ ಹೊಂದಿಸಿ.

ಅಕ್ಷರ ಎಣಿಸುವಾಗಲೂ ಎಚ್ಚರ ಬೇಕು. ಸ್ತ್ರೀ ನಮ್ಮ ಕಣ್ಣಿಗೆ ಒಂದು ಅಕ್ಷರ. ಲೆನ್ ಫಂಕ್ಷನ್‌ಗೆ ಅದು ಆರು: ಸ, ವಿರಾಮ (ಅಂದರೆ ಅರ್ಧಾಕ್ಷರದ ಗುರುತು), ತ, ವಿರಾಮ, ರ, ಈ ಕಾರದ ಗುರುತು. ಲೆಫ್ಟ್ ಫಂಕ್ಷನ್ ಹಾಕಿ ಮೊದಲ ನೂರು ಅಕ್ಷರ ಕತ್ತರಿಸಿದರೆ ಕತ್ತರಿ ಒತ್ತಕ್ಷರದ ನಡುವೆ ಬೀಳಬಹುದು. ಸಾರಾಂಶವನ್ನು ಕೈಯಿಂದಲೇ ಬರೆಯಿರಿ ಅಂತ ಹೇಳಲು ಇದೂ ಒಂದು ಕಾರಣ.

ಸಿಎಸ್‌ವಿ ಮಾಡುವಾಗ ಎಕ್ಸೆಲ್‌ನಲ್ಲಿ ಸಿಎಸ್‌ವಿ ಯುಟಿಎಫ್-8 ಅನ್ನುವುದನ್ನೇ ಆರಿಸಿ. ಬರೀ ಸಿಎಸ್‌ವಿ ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತದೆ, ಮತ್ತೆ ವಾಪಸ್ ಬರುವುದಿಲ್ಲ.

ಪ್ರಿಂಟ್ ತೆಗೆಯುವ ಮುನ್ನ

ಒಮ್ಮೆ ಒಂದು ಸಭೆಗೆ ಷರತ್ತುಗಳ ಪಟ್ಟಿ ಪ್ರಿಂಟ್ ಮಾಡಿ ಹಂಚಿದ್ದೆವು. ಪರದೆಯಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಕಾಗದದಲ್ಲಿ ಒಂದು ಸೆಲ್‌ನ ಕೊನೆಯ ಸಾಲು ಬಂದಿರಲಿಲ್ಲ. ಇಂಥ ಸಂದರ್ಭ ಬಿಟ್ಟು ಅನ್ನುವ ವಿನಾಯಿತಿ ಆ ಸಾಲಿನಲ್ಲೇ ಇತ್ತು. ಅರ್ಧ ಗಂಟೆ ಚರ್ಚೆ ಆದ ಮೇಲೆ ಯಾರೋ ಲ್ಯಾಪ್‌ಟಾಪ್ ತೆರೆದಾಗ ವಿಷಯ ತಿಳಿಯಿತು. ಪರದೆಯ ಮೇಲೆ ಅಕ್ಷರದ ಅಗಲ ಒಂದು ಥರ, ಪ್ರಿಂಟರ್‌ನಲ್ಲಿ ಸ್ವಲ್ಪ ಬೇರೆ. ಪರದೆಯಲ್ಲಿ ಆರು ಸಾಲಿಗೆ ಹಿಡಿಸಿದ ಬರಹ ಕಾಗದದಲ್ಲಿ ಏಳು ಸಾಲು ಆಗುತ್ತದೆ, ರೋ ಎತ್ತರ ಮಾತ್ರ ಆರಕ್ಕೇ ನಿಂತಿರುತ್ತದೆ.

ಅಂದಿನಿಂದ ಪ್ರಿಂಟ್‌ಗೆ ಹೋಗುವ ಶೀಟ್‌ನಲ್ಲಿ ಉದ್ದನೆಯ ಬರಹದ ಪ್ರತಿ ರೋಗೂ ಒಂದು ಸಾಲಿನಷ್ಟು ಎತ್ತರ ಜಾಸ್ತಿ ಕೊಡುತ್ತೇನೆ. ಅದರ ಜೊತೆಗೆ, ಖಾಲಿ ಕಾಲಮ್‌ನಲ್ಲಿ ಲೆನ್ ಫಂಕ್ಷನ್ ಹಾಕಿ, ಅಂಕಿ ಅತಿ ದೊಡ್ಡದಾಗಿರುವ ಮೂರು ನಾಲ್ಕು ರೋ ಮಾತ್ರ ಪ್ರಿಂಟ್ ಪ್ರಿವ್ಯೂನಲ್ಲಿ ಕೊನೆಯ ಪದದವರೆಗೆ ಓದುತ್ತೇನೆ.  ನೋಡಿ ಮುಗಿದ ಮೇಲೆ ಲೆನ್ ಕಾಲಮ್ ಅಳಿಸಿ, ಆಮೇಲೆ ಪ್ರಿಂಟ್ ಕೊಡಿ.